ಬಾಣಂತಿ ಕೋಣೆಯಲ್ಲಿ ಎರಡು ಕುಳ್ಳ ನಕ್ಷತ್ರ

ಆ ವರ್ಷ ನನ್ನ ಸೊಸೆ ಎರಡು ಹೆರಬೇಕಿತ್ತು. ಒಂದು ಮಗು, ಇನ್ನೊಂದು ಪಿಎಚ್‌ಡಿ. ಮಗು ಡಾಕ್ಟರು ಹೇಳಿದ ವಾರಕ್ಕೆ ಸರಿಯಾಗಿ ಬಂತು. ಪಿಎಚ್‌ಡಿ ಆರು ವರ್ಷದಿಂದ ಹೊಟ್ಟೆಯಲ್ಲೇ ಇತ್ತು.

ಬಾಣಂತನ ಮಾಡಬೇಕಾದದ್ದು ಅವಳ ತಾಯಿ. ಅದು ಎಲ್ಲ ಕಡೆಯ ಕ್ರಮ. ಆದರೆ ಬೀಗಿತ್ತಿ ಧಾರವಾಡದಲ್ಲಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಕೂತರು. ಹಾಗಾಗಿ ಮಗ ನನಗೆ ವಿಸಿಟ್ ವೀಸಾ ಮಾಡಿಸಿ ಕತಾರಿಗೆ ಕರೆಸಿಕೊಂಡ. ನಾನು ಸುರತ್ಕಲ್ ಕಡೆಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು, ಸೊಂಟ ಬಗ್ಗುವವರೆಗೂ ಕಟ್ಟಿದೆ. ಬರೆಯುವುದು ನಿಧಾನ, ಓದುವುದು ಅದಕ್ಕಿಂತ ನಿಧಾನ. ಆದರೆ ಹನ್ನೊಂದು ಬಾಣಂತನ ಮಾಡಿದ್ದೇನೆ. ಒಬ್ಬಳಿಗೂ ಸೊಂಟ ನೋವು ಉಳಿದಿಲ್ಲ. ಅದನ್ನು ಸರ್ಟಿಫಿಕೇಟು ಎಂದೇ ನಾನು ತಿಳಿದುಕೊಂಡಿದ್ದೇನೆ.

ಮಗನ ಮನೆ ಅಲ್ ವಕ್ರಾದಲ್ಲಿ, ನಾಲ್ಕನೇ ಮಾಳಿಗೆ. ಅವನಿಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಿನಲ್ಲಿ ಕೆಲಸ, ಬೆಳಿಗ್ಗೆ ಐದೂವರೆಗೆ ಹೊರಟರೆ ಸಂಜೆಗೆ ಬರುವುದು. ಅವನೂ ನಾನೂ ತುಳು ಮಾತಾಡುವವರು. ಸೊಸೆಗೆ ತುಳು ಬಾರದು. ಹಾಗಾಗಿ ಮನೆಯಲ್ಲಿ ಕನ್ನಡ, ಅದೂ ಅವಳದ್ದೊಂದು ನಮೂನೆ, ನಮ್ಮದೊಂದು ನಮೂನೆ. ಮಗ ಧಾರವಾಡಕ್ಕೆ ಓದಲು ಹೋಗಿ ಓದನ್ನು ಅರ್ಧಕ್ಕೆ ಬಿಟ್ಟವನು. ಅವಳನ್ನು ಮಾತ್ರ ಅರ್ಧಕ್ಕೆ ಬಿಡಲಿಲ್ಲ, ಮದುವೆಯಾಗಿ ಕರೆದುಕೊಂಡು ಬಂದ. ಮನೆಯಲ್ಲಿ ಒಬ್ಬರಾದರೂ ಓದು ಮುಗಿಸಲಿ ಎಂದು ಅವಳೇ ಮುಂದುವರಿಸಿದಳೋ ಏನೋ.

ಬಾಣಂತಿ ಕೋಣೆಯ ನಿಯಮ ನಾನು ಬಂದ ದಿನವೇ ಹೇಳಿದೆ. ಎ.ಸಿ. ಬಂದ್. ಪರದೆ ಎಳೆದಿರಬೇಕು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ತಣ್ಣೀರು ಮುಟ್ಟಬಾರದು. ದಿನಾ ಎಣ್ಣೆ ತಿಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ, ಆಮೇಲೆ ಸಾಂಬ್ರಾಣಿ ಹೊಗೆ, ಆಮೇಲೆ ಹೊಟ್ಟೆ ಕಟ್ಟುವುದು. ಓದಬಾರದು. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ, ಇದು ನಮ್ಮ ಅಜ್ಜಿಯ ಕಾಲದಿಂದ ಉಂಟು. ನಮ್ಮ ಅಜ್ಜಿಗೆ ಓದಲಿಕ್ಕೇ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಸೊಸೆ ಎಲ್ಲದಕ್ಕೂ "ಹೂಂನ್ರಿ ಅತ್ತಿ" ಅಂದಳು. ಎಲ್ಲದಕ್ಕೂ ಹೂಂ ಅನ್ನುವವರನ್ನು ನಾನು ನಂಬುವುದಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಕಷಾಯ ಹಿಡಿದು ಕೋಣೆಗೆ ಹೋದರೆ ಬೆಡ್‌ಶೀಟಿನ ಒಳಗೆ ಬೆಳಕು ಕಂಡಿತು. ಮಗು ಮೊಲೆ ಕುಡಿಯುತ್ತಾ ಹೊರಗೆ ಉಂಟು, ಸೊಸೆಯ ತಲೆ ಮಾತ್ರ ಒಳಗೆ.

"ಎಂತದು ಅದು?"

"ಏನಿಲ್ರಿ ಅತ್ತಿ."

"ಏನಿಲ್ಲದ್ದು ಬೆಳಗುವುದಿಲ್ಲ. ಹೊರಗೆ ತೆಗೆ."

ಲ್ಯಾಪ್‌ಟಾಪ್ ತೆಗೆದಳು. ಅದರಲ್ಲಿ ಒಂದು ಗೆರೆ ಮೇಲೆ ಕೆಳಗೆ, ಮೇಲೆ ಕೆಳಗೆ ಹೋಗಿತ್ತು, ಹಾವು ಹರಿದ ಹಾಗೆ. ನಾನು ಇ.ಸಿ.ಜಿ. ಎಂದು ಎಣಿಸಿದೆ. ಬೀಗಿತ್ತಿಗೆ ಏನಾದರೂ ಹೆಚ್ಚು ಕಡಿಮೆ ಆಯಿತೋ ಎಂದು ಕೇಳಿದೆ.

"ಇದು ನಕ್ಷತ್ರರೀ."

"ಮಗುವಿನ ನಕ್ಷತ್ರವಾ? ಅದನ್ನು ಭಟ್ಟರು ಫೋನಲ್ಲಿ ಹೇಳಿ ಆಗಿದೆಯಲ್ಲ. ನೀನು ಯಾಕೆ ಕಣ್ಣು ಕೆಡಿಸಿಕೊಳ್ಳುವುದು?"

ಆಗ ಅವಳು ವಿಷಯ ಹೇಳಿದಳು. ಥೀಸಿಸ್ ಕೊಟ್ಟು ಆಗಿದೆ, ಉಳಿದದ್ದು ವೈವಾ ಒಂದೇ. ಎಂದರೆ ಪರೀಕ್ಷಕರು ಎದುರು ಕೂತು ಪ್ರಶ್ನೆ ಕೇಳುವುದು. ಊರಿನ ಯುನಿವರ್ಸಿಟಿ, ಇಲ್ಲಿಂದ ಕಂಪ್ಯೂಟರಿನಲ್ಲೇ ಕೂತು ಉತ್ತರ ಕೊಟ್ಟರೆ ಸಾಕು. ಆದರೆ ದಿನ ಗೊತ್ತು ಮಾಡಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಹೆರಿಗೆಯ ಮೂವತ್ತೊಂದನೇ ದಿನ.

"ಅವರಿಗೆ ಹೇಳು, ನಲವತ್ತು ಆಗದೆ ಆಗುವುದಿಲ್ಲ ಅಂತ."

"ಎರಡು ಸಲ ಮುಂದ ಹಾಕ್ಯಾರ್ರಿ ಅತ್ತಿ. ಒಮ್ಮೆ ನಾ ಇಲ್ಲಿಗೆ ಬಂದಾಗ, ಒಮ್ಮೆ ಬಸುರಿದ್ದಾಗ. ಇನ್ನ ಆಗಂಗಿಲ್ಲಂತ. ಆ ದಿನ ಕೂಡ್ಲಿಲ್ಲಂದ್ರ ರಿಜಿಸ್ಟ್ರೇಷನ್ನ ಹೋಗತದ. ಆರು ವರ್ಷ ಖಲಾಸ್."

ಖಲಾಸ್ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಉಂಟು. ಈರುಳ್ಳಿ ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್. ಅವಳು ಹೇಳಿದ್ದು ಈರುಳ್ಳಿಯ ಖಲಾಸ್ ಆಗಿರಲಿಲ್ಲ.

ನಾನು ಅಡುಗೆ ಕೋಣೆಗೆ ಹೋಗಿ ಮೆಂತೆ ಗಂಜಿ ತಿರುವಿದೆ. ಬೀಡಿ ಕಟ್ಟುವವಳಿಗೆ ಕೈಯಲ್ಲಿ ಕೆಲಸ ಇದ್ದರೆ ಮಾತ್ರ ತಲೆ ಓಡುವುದು. ಗಂಜಿ ಆಗುವಷ್ಟರಲ್ಲಿ ದಾರಿ ಸಿಕ್ಕಿತು. ಬಾಣಂತಿ ಕಣ್ಣಿಂದ ಓದಬಾರದು, ಹೌದು. ಬಾಯಿಂದ ಹೇಳಬಾರದು ಎಂದು ಯಾವ ಅಜ್ಜಿಯೂ ಹೇಳಿಲ್ಲ.

"ನಾಳೆಯಿಂದ ನಾನು ಎಣ್ಣೆ ತಿಕ್ಕುವಾಗ ನೀನು ಕಣ್ಣು ಮುಚ್ಚಿ ಪಾಠ ಒಪ್ಪಿಸು," ಅಂದೆ. "ಅಷ್ಟು ಮಾಡಬಹುದು."

"ಯಾರಿಗೆ ಒಪ್ಪಿಸ್ಲಿ?"

"ನನಗೆ. ಇಲ್ಲಿ ಇನ್ನು ಯಾರಿದ್ದಾರೆ?"

"ನಿಮಗ ತಿಳೀತದನ್ರಿ?"

"ಪರೀಕ್ಷಕರಿಗೆ ತಿಳಿಯುತ್ತದೆ ಅಂತ ಗ್ಯಾರಂಟಿ ಉಂಟಾ?"

ಹಾಗೆ ಶುರುವಾಯಿತು. ಮೊದಲ ದಿನ ಬೆನ್ನಿಗೆ ಎಣ್ಣೆ ಹಾಕುವಾಗ ಸೂರ್ಯನನ್ನು ಕೊಂದಳು. ಸೂರ್ಯನಂಥ ನಕ್ಷತ್ರಕ್ಕೆ ವಯಸ್ಸಾದರೆ ಹಾಲು ಉಕ್ಕಿದ ಹಾಗೆ ಉಬ್ಬುತ್ತದಂತೆ. ಉಬ್ಬಿ ಉಬ್ಬಿ ಮೇಲಿನದೆಲ್ಲ ಹಾರಿಹೋಗಿ ನಡುವಿನ ತಿರುಳು ಮಾತ್ರ ಉಳಿಯುತ್ತದೆ. ಗಾತ್ರ ನಮ್ಮ ಭೂಮಿಯ ಹಾಗೆ, ತೂಕ ಮಾತ್ರ ಭೂಮಿಯಂಥ ಲಕ್ಷ ಲಕ್ಷ ಗೋಳ ಒತ್ತಿ ತುಂಬಿದಷ್ಟು.

"ಅದಕ್ಕ ಶ್ವೇತಕುಬ್ಜ ಅಂತಾರ್ರಿ."

"ಬಿಳಿ ಕುಳ್ಳ."

"ಹಂಗ ಅನ್ರಿ."

"ಒಳಗೆ ಬೆಂಕಿ ಉಂಟಾ?"

"ಇಲ್ಲ. ಹಳೇ ಕಾವು ಅಷ್ಟ. ಸುಮ್ಮನ ಆರತಿರತದ."

"ಒಲೆಯಿಂದ ಇಳಿಸಿದ ಕಾವಲಿ. ಸರಿ, ಈಗ ಕೈ ಕೊಡು."

ಎರಡನೇ ದಿನ ಅವಳ ಸ್ವಂತ ನಕ್ಷತ್ರಗಳ ವಿಷಯ ಬಂತು. ಅವಳು ಆರು ವರ್ಷ ನೋಡಿದ್ದು ಎಲ್ಲ ಕುಳ್ಳರನ್ನೂ ಅಲ್ಲ, ತೂಕ ಕಡಿಮೆ ಇರುವ ಕುಳ್ಳರನ್ನು. ಸೂರ್ಯನ ಅರ್ಧದಷ್ಟೂ ತೂಗದವು. ತೂಕ ಕಡಿಮೆ ಎಂದ ಕೂಡಲೇ ನನಗೆ ವಿಷಯ ಹತ್ತಿರವಾಯಿತು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ನಮ್ಮ ಕಟ್ಟನ್ನು ಬಿಚ್ಚಿ, ಹೊಗೆಸೊಪ್ಪು ಕಡಿಮೆ ಬಿದ್ದ ಬೀಡಿ ಬೆರಳಿಗೆ ಸಿಕ್ಕಿದರೆ ತೆಗೆದು ಬಿಸಾಡುತ್ತಿದ್ದರು. ಬೀಡಿ ತೆಳ್ಳಗೆ ಆಯಿತು ಎಂದರೆ ಸೊಪ್ಪು ಎಲ್ಲೋ ಹೋಗಿದೆ ಎಂದು ಅರ್ಥ. ಒಂದೋ ಕೊಟ್ಟವನು ಕಡಿಮೆ ಕೊಟ್ಟಿದ್ದಾನೆ, ಇಲ್ಲ ಮನೆಯಲ್ಲಿ ಯಾರೋ ಕೈ ಹಾಕಿದ್ದಾರೆ.

"ನಿನ್ನ ಕುಳ್ಳನಿಗೆ ಎಂತ ಆದದ್ದು? ಹುಟ್ಟುವಾಗಲೇ ತೆಳ್ಳಗಾ?"

"ಹಂಗಲ್ರಿ. ಹುಟ್ಟಿದಾಗ ಮೈಕೈ ತುಂಬಿಕೊಂಡ ಇತ್ತು. ಹುಟ್ಟತಾನ ಸಣ್ಣ ಇರೋ ನಕ್ಷತ್ರ ಭಾಳ ಜಿಪುಣರಿ, ಉರುವಲು ಹಿಡದು ಹಿಡದು ಸುಡತದ. ಅದು ಮುದಿಯಾಗಿ ಸತ್ತು ಇಷ್ಟ ತಿರುಳು ಉಳೀಬೇಕಂದ್ರ ಈ ಲೋಕದ ವಯಸ್ಸ ಸಾಲಂಗಿಲ್ಲ. ಅಂಥಾದ್ದು ಇನ್ನೂ ಒಂದೂ ಸತ್ತಿಲ್ಲ."

"ಆದರೆ ನಿನಗೆ ಕಾಣುತ್ತಾ ಉಂಟಲ್ಲ."

"ಅದಕ್ಕ. ಅಂದ್ರ ಬಾಜೂಕ ಯಾರೋ ಇದ್ದಾರ. ಅವರು ಕಸಗೊಂಡಾರ."

"ಕೈ ಹಾಕಿದ್ದಾರೆ."

"ಹೂಂನ್ರಿ. ಇಂಥಾ ತೆಳ್ಳಂದು ಒಂದು ಕಂಡ್ರ ಜೋಡಿ ಹುಡುಕಬೇಕು. ಒಂಟಿಯಾಗಿ ಕಾಣೂವು ಒಂದೊಂದು ಅದಾವ, ಅದರ ಮ್ಯಾಲ ಇನ್ನೂ ಜಗಳ ನಡದದ."

ಮೂರನೇ ದಿನ ಕಂಬಳಿ ಬಂತು. ಎರಡು ನಕ್ಷತ್ರ ಹತ್ತಿರ ಹತ್ತಿರ ಇದ್ದು ಒಂದು ಉಬ್ಬಿದರೆ, ಅದರ ಮೈ ಇನ್ನೊಂದನ್ನೂ ಮುಚ್ಚಿಬಿಡುತ್ತದಂತೆ. ಒಂದೇ ಕಂಬಳಿಯೊಳಗೆ ಎರಡೂ ಸುತ್ತುತ್ತಾ ಸುತ್ತುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ, ಆ ಗದ್ದಲಕ್ಕೆ ಕಂಬಳಿ ಹಾರಿಹೋಗುತ್ತದೆ. ಉಬ್ಬಿದವನ ತಿರುಳು ಮಾತ್ರ ಉಳಿಯುವುದು. ತಿರುಳು ಎಂದರೆ ಬಲೂನಿಗೆ ತುಂಬುತ್ತಾರಲ್ಲ, ಆ ಹೀಲಿಯಂ. ಪೂರ್ತಿ ಬೆಂದಿದ್ದರೆ ಇದ್ದಿಲಿನಂಥದ್ದು ಆಗುತ್ತಿತ್ತು. ಅರ್ಧದಲ್ಲೇ ಪಾತ್ರೆ ಇಳಿಸಿದ ಹಾಗೆ ಅಲ್ಲಿಗೆ ನಿಂತಿತು.

"ಒಂದು ಕಂಬಳಿಯೊಳಗೆ ಇಬ್ಬರು ಗುದ್ದಾಡಿ ಕಂಬಳಿ ಹಾಳಾಗುವುದು ನಾನು ಬೇಕಾದಷ್ಟು ಕಂಡಿದ್ದೇನೆ," ಅಂದೆ. "ಅದಕ್ಕೆ ಪಿಎಚ್‌ಡಿ ಯಾಕೆ?"

ಅವಳು ನಕ್ಕಳು. ಕಟ್ಟಿದ ಹೊಟ್ಟೆ ಕುಣಿಯಿತು. ನಗಬೇಡ, ಕಟ್ಟು ಸಡಿಲ ಆಗುತ್ತದೆ ಎಂದು ಬೈದೆ.

ಈ ಕಂಬಳಿಯೇ ಅವಳಿಗೆ ಕಷ್ಟವಾದದ್ದು. ಪ್ರತೀ ಸಲ ಉಬ್ಬುವುದು ಹೇಳುತ್ತಾಳೆ, ತೆಳ್ಳಗಾದದ್ದು ಹೇಳುತ್ತಾಳೆ, ನಡುವಿನದನ್ನು ಹಾರಿಸುತ್ತಾಳೆ. ಅವಳಿಗೆ ಅದು ಎಷ್ಟು ಗೊತ್ತೆಂದರೆ ಹೇಳಬೇಕು ಎಂದೇ ನೆನಪಾಗುವುದಿಲ್ಲ. ನಾನು ತೊಡೆಗೆ ಒಂದು ಪೆಟ್ಟು ಹಾಕಿ "ಕಂಬಳಿ ಎಲ್ಲಿ?" ಎಂದು ಕೇಳಬೇಕು. ಮಗ್ಗಿ ಹೇಳಿಸಿದ ಹಾಗೆ ದಿನಾ ಕೇಳಿದೆ.

ಆ ಎರಡು ಈಗ ಒಂದರ ಸುತ್ತ ಒಂದು ಹೇಗೆ ಓಡುತ್ತವೆ ಎಂದರೆ, ನಮ್ಮ ಮಗು ಒಂದು ಸಲ ಹಾಲು ಕುಡಿದು ಮುಗಿಸುವಷ್ಟರಲ್ಲಿ ಒಂದು ಸುತ್ತು ಆಗಿರುತ್ತದೆ. ಮಗು ಸ್ವಲ್ಪ ಸೋಮಾರಿ, ಕುಡಿಯುವುದಕ್ಕಿಂತ ನಿದ್ರೆ ಹೆಚ್ಚು, ಆದರೂ. ನಮ್ಮ ಭೂಮಿಗೆ ಸೂರ್ಯನನ್ನು ಸುತ್ತಲು ವರ್ಷ ಬೇಕು. ಇವಕ್ಕೆ ಒಂದು ಮೊಲೆ ಸಾಕು.

"ಇನ್ನೊಬ್ಬ ಕಾಣುತ್ತಾನಾ?"

"ಅದೂ ಒಂದು ಹಳೇ ಕುಳ್ಳನ, ಭಾಳ ಸಲ ಕಾಣಂಗಿಲ್ರಿ. ಒಂದರ ಬೆಳಕು ಅಷ್ಟ. ಅದು ನಮ್ಮ ಕಡೆ ಬರೂವಾಗ ಸ್ವಲ್ಪ ನೀಲಿ ಕಡೆ ಸರೀತದ, ದೂರ ಹೋಗೂವಾಗ ಕೆಂಪಿನ ಕಡೆ. ಆ ಗೆರಿ ನೋಡಿದ್ರಲ್ಲ, ಮ್ಯಾಲ ಕೆಳಗ, ಅದ ಅದು."

ಇಬ್ಬರು ಹುಡುಗಿಯರು ಕೈ ಹಿಡಿದು ಗಿರಗಿರ ತಿರುಗುವುದು ನನಗೆ ನೆನಪಾಯಿತು. ಕತ್ತಲೆಯಲ್ಲಿ ಬಿಳಿ ಲಂಗದವಳು ಮಾತ್ರ ಕಂಡರೂ ಸಾಕು. ಅವಳು ಬೀಳದೆ ತಿರುಗುತ್ತಿದ್ದಾಳೆ ಎಂದರೆ ಆ ಕಡೆ ಯಾರೋ ಕೈ ಹಿಡಿದಿದ್ದಾರೆ. ಹೀಗೆ ಹೇಳಿದ್ದಕ್ಕೆ ಸೊಸೆ ಕಣ್ಣು ತೆರೆದು ನನ್ನನ್ನು ನೋಡಿದಳು. ಕಣ್ಣು ಮುಚ್ಚು ಅಂದೆ.

"ಕಡೆಗೆ ಎಂತ ಆಗುತ್ತದೆ ಅವಕ್ಕೆ?"

"ಸುತ್ತತಾ ಇದ್ದಂಗ ಅಲೆ ಎಬ್ಬಿಸತಾವ್ರಿ, ಬೆಳಕಿಂದಲ್ಲ, ಗುರುತ್ವದ್ದು. ಅದರಾಗ ಶಕ್ತಿ ಹೋಗತದ. ದಿನಾ ಒಂದೀಟ ಒಂದೀಟ ಹತ್ತಿರ ಆಗತಾವ. ಕಡೀಕ ಎರಡೂ ಕೂಡತಾವ. ಕೆಲವು ಕೂಡಿದ ಮ್ಯಾಲ ಮತ್ತ ಹೊಸಾದಾಗಿ ಹೊತ್ತಿಕೋತಾವ."

"ಸತ್ತ ಮೇಲೆ?"

"ಸತ್ತ ಮ್ಯಾಲ."

ನನ್ನ ಗಂಡ ಹೋಗಿ ಹದಿನೆಂಟು ವರ್ಷ ಆಯಿತು. ಸತ್ತ ಮೇಲೆ ಮತ್ತೆ ಸೇರಿ ಹೊತ್ತಿಕೊಳ್ಳುವ ಆಸೆ ನನಗೇನೂ ಇಲ್ಲ ಎಂದು ಸೊಸೆಗೆ ಹೇಳಿದೆ. ಅವರಿಗೂ ಇರಲಾರದು.

ಎದುರಿನ ಫ್ಲ್ಯಾಟಿನಲ್ಲಿ ಒಬ್ಬ ಬ್ಯಾರಿ ಹೆಂಗಸು ಇದ್ದಳು, ಉಳ್ಳಾಲದವಳು, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ನನ್ನನ್ನು ಅಕ್ಕ ಎಂದು ಕರೆಯುತ್ತಾಳೆ. ದೊಡ್ಡ ಕಾರನ್ನು ಗಂಡಸರ ಹಾಗೆ ಓಡಿಸುತ್ತಾಳೆ. ಹೊಗೆ ಹಾಕಲು ನಾನು ಹಳೇ ಬಾಣಲೆ ಹುಡುಕುವುದನ್ನು ಕಂಡು, ಇಲ್ಲಿಯವರು ಊದು ಹಾಕುವ ಧೂಪದಾನಿಯೊಂದನ್ನೂ ಬಿಲ್ಲೆ ಇದ್ದಿಲಿನ ಪೊಟ್ಟಣವನ್ನೂ ಅವಳೇ ತಂದುಕೊಟ್ಟದ್ದು. ಮಗ ಮಾತ್ರ ಮೊದಲ ದಿನವೇ ಛಾವಣಿಯಲ್ಲಿ ಅಂಟಿಸಿದ ಬಿಳಿ ಬಟ್ಟಲಿನಂಥದ್ದನ್ನು ತೋರಿಸಿ ಹೇಳಿದ್ದ.

"ಅಮ್ಮ, ಅದು ಹೊಗೆ ಹಿಡಿಯುವುದು. ಅದರ ಕೆಳಗೆ ಹೊಗೆ ಹೋದರೆ ಇಡೀ ಬಿಲ್ಡಿಂಗಿಗೆ ಗಂಟೆ. ಬಾಲ್ಕನಿಯಲ್ಲಿ ಮಾತ್ರ ಹಾಕು."

ಮೂವತ್ತು ದಿನ ಬಾಲ್ಕನಿಯಲ್ಲೇ ಹಾಕಿದೆ. ಒಂದು ದಿನವೂ ತಪ್ಪಲಿಲ್ಲ.

ಮೂವತ್ತೊಂದನೇ ದಿನ ಎದ್ದು ನೋಡಿದರೆ ಹೊರಗೆ ಏನೂ ಇಲ್ಲ. ಸಮುದ್ರ ಇಲ್ಲ, ರಸ್ತೆ ಇಲ್ಲ, ಎದುರಿನ ಕಟ್ಟಡ ಇಲ್ಲ. ಧೂಳುಗಾಳಿ. ಬಾಲ್ಕನಿ ಬಾಗಿಲು ಒಂದು ಗೇಣು ತೆರೆದರೆ ಸಾರಿಗೆ ಮರಳು ಬೀಳುತ್ತದೆ. ವೈವಾ ಇಲ್ಲಿಯ ಹತ್ತು ಗಂಟೆಗೆ. ಆರಕ್ಕೆ ಸ್ನಾನ ಮುಗಿಸಬೇಕು ಎಂದು ಮಾಡಿದ್ದೆವು. ಮಗು ಆ ದಿನವೇ ಹಠ ಹಿಡಿದು ಒಂಬತ್ತರವರೆಗೆ ಮಲಗಲಿಲ್ಲ.

"ಇವತ್ತೊಂದಿನ ತಲೀಗೆ ನೀರು ಬ್ಯಾಡ್ರಿ ಅತ್ತಿ."

"ಎಣ್ಣೆ ಹಾಕಿದ ತಲೆಯಲ್ಲಿ ದೊಡ್ಡವರ ಎದುರು ಕೂರುತ್ತೀಯಾ? ಬಾ."

ಒಂಬತ್ತೂ ಮುಕ್ಕಾಲಿಗೆ ಸ್ನಾನ ಆಯಿತು. ಹೊಟ್ಟೆ ಕಟ್ಟಿದೆ. ಅವಳು ಮೇಲೆ ಕೋಟು ಹಾಕಿದಳು, ಕೆಳಗೆ ನೈಟಿಯೇ ಉಳಿಯಿತು. ಕ್ಯಾಮೆರಾಕ್ಕೆ ಸೊಂಟದಿಂದ ಮೇಲೆ ಕಂಡರೆ ಸಾಕು ಅಂದಳು. ಕಿವಿಯ ಹತ್ತಿ ತೆಗೆದು ಕೂತಳು. ಕೂದಲು ಹಿಂಡಿದರೆ ನೀರು ಬರುತ್ತಿತ್ತು.

ಇಲ್ಲಿ ನಾನು ತಪ್ಪು ಮಾಡಿದೆ. ಯಾರೂ ನನ್ನನ್ನು ದೂಡಲಿಲ್ಲ. ಹಸಿ ತಲೆಯಲ್ಲಿ ಎರಡು ಗಂಟೆ ಕೂತರೆ ಶೀತ ಏರಿ ಹನ್ನೆರಡನೇ ಬಾಣಂತನ ಕೆಡುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಛಾವಣಿಯ ಬಟ್ಟಲು ಕೋಣೆಯ ನಡುವೆ ಉಂಟು, ಇವಳು ಕೂತದ್ದು ಮೂಲೆಯಲ್ಲಿ. ಹೊಗೆ ಮೇಲಕ್ಕೆ ಹೋಗುತ್ತದೆ, ಅಡ್ಡ ಯಾಕೆ ಹೋಗಬೇಕು ಎಂದುಕೊಂಡೆ. ಧೂಪದಾನಿಯಲ್ಲಿ ಕೆಂಡ ಮಾಡಿ, ಸಾಂಬ್ರಾಣಿ ಹಾಕಿ, ಬಗ್ಗಿಕೊಂಡು ಹೋಗಿ ಅವಳ ಕುರ್ಚಿಯ ಹಿಂದೆ ಇಟ್ಟೆ. ಕ್ಯಾಮೆರಾಕ್ಕೆ ಕಾಣಬಾರದೆಂದು ಹೋಗುವಾಗಲೂ ಬರುವಾಗಲೂ ಅಂಬೆಗಾಲು.

ಆ ಕಡೆ ಇಬ್ಬರು ಇದ್ದರು. ಒಬ್ಬರು ಅವಳ ಗೈಡ್ ಮೇಡಂ. ಇನ್ನೊಬ್ಬರು ಹೊರಗಿನ ಪರೀಕ್ಷಕರು, ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ಇಂಗ್ಲಿಷಿನಲ್ಲಿ ಮಾತು ನಡೆಯುತ್ತಿತ್ತು. ಇವಳು ಚಿತ್ರ ತೋರಿಸಿ ತೋರಿಸಿ ಹೇಳುತ್ತಿದ್ದಳು. ಇಪ್ಪತ್ತು ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ಪರೀಕ್ಷಕರು ಕನ್ನಡಕ ಇಳಿಸಿ ಕನ್ನಡದಲ್ಲಿ ಕೇಳಿದರು.

"ನಿಮ್ಮ ಹಿಂದೆ ಏನೋ ಹೊಗೆ ಕಾಣ್ತಾ ಇದೆಯಲ್ಲಮ್ಮ."

ಸೊಸೆ ತಿರುಗಿಯೂ ನೋಡಲಿಲ್ಲ. "ಇಲ್ಲಿ ಇವತ್ತು ಧೂಳು ಸರ್," ಅಂದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಎನ್ನುವುದು ಸರಿಯಲ್ಲ. ಹಂದಿಗೆ ಗುಂಡು ಬಿದ್ದ ಹಾಗೆ ಒಂದು ಕೂಗು, ನಿಲ್ಲುವುದೇ ಇಲ್ಲ. ಮಗು ಎದ್ದಿತು. ವಾಚ್‌ಮನ್ ಬಾಗಿಲು ಗುದ್ದಿ, "ಮಮ್ಮಾ, ನೀಚೆ, ಯಲ್ಲಾ ಯಲ್ಲಾ" ಅಂದ. ಲಿಫ್ಟ್ ನಿಂತಿತ್ತು. ನಾನು ಕೆಂಡಕ್ಕೆ ಕಷಾಯ ಸುರಿದು ಮಗುವನ್ನು ಎತ್ತಿಕೊಂಡೆ. ಸೊಸೆ ಲ್ಯಾಪ್‌ಟಾಪ್ ಹಾಗೇ ತೆರೆದು ಹಿಡಿದುಕೊಂಡು ಮೆಟ್ಟಿಲಿಗೆ ಬಂದಳು, ಆದರೆ ಮನೆಯ ವೈಫೈ ಮೂರನೇ ಮಾಳಿಗೆಯವರೆಗೆ ಮಾತ್ರ ಬಂತು. ಅಲ್ಲಿಗೆ ಪರೀಕ್ಷಕರು ಬಾಯಿ ತೆರೆದುಕೊಂಡು ನಿಂತುಬಿಟ್ಟರು, ಆಮೇಲೆ ಮಾಯವಾದರು.

ಅವಳ ಹೊಟ್ಟೆಗೆ ಕಟ್ಟಿದ್ದ ನನ್ನ ಹಳೇ ಸೀರೆ ಬಿಚ್ಚಿ ಮೆಟ್ಟಿಲ ಮೇಲೆ ಎಳೆದುಕೊಂಡು ಬರುತ್ತಿತ್ತು. ಬ್ಯಾರಿ ಹೆಂಗಸು ಹಿಂದಿನಿಂದ ಅದರ ತುದಿ ಎತ್ತಿ ಹಿಡಿದುಕೊಂಡು ಇಳಿದಳು.

"ಎಂತ ಅಕ್ಕ, ಮದುಮಗಳನ್ನು ಇಳಿಸುವುದಾ?"

"ಬಾಯಿ ಮುಚ್ಚಿ ಇಳಿ. ಅವಳ ಪರೀಕ್ಷೆ ಹೋಯಿತು."

"ಪರೀಕ್ಷೆ ಇವತ್ತಾ?" ಅಂದವಳು ಮತ್ತೆ ತಮಾಷೆ ಮಾಡಲಿಲ್ಲ. "ಕಾರಿನಲ್ಲಿ ಕೂರಲಿ. ಎ.ಸಿ. ಉಂಟು, ಫೋನ್ ಉಂಟು. ಎಂತ ಬೇಕು ಇನ್ನು?"

ಕೆಳಗೆ ಇಡೀ ಬಿಲ್ಡಿಂಗಿನವರು ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ಕೋಟು, ನೈಟಿ, ಹಸಿ ತಲೆಯ ಹೆಂಗಸೊಬ್ಬಳು ಅವರ ನಡುವಿನಿಂದ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ನಾನು ಮಗು ಹಿಡಿದು ಹಿಂದೆ ಕೂತೆ. ಬ್ಯಾರಿ ಹೆಂಗಸು ಎ.ಸಿ. ಹಾಕಿದಳು. ಬಾಣಂತಿಗೆ ಎ.ಸಿ. ಗಾಳಿ ಮುಖಕ್ಕೇ ಬಡಿಯುತ್ತಿತ್ತು, ನಾನು ಮಗುವಿಗೆ ಮಾತ್ರ ಸೆರಗು ಹೊದೆಸಿದೆ. ಬ್ಯಾರಿ ಹೆಂಗಸಿನ ಫೋನನ್ನು ಸೊಸೆ ತೆಗೆದುಕೊಂಡಳು. ಮೂರು ಸಲ ವಿಡಿಯೋ ಕಾಲ್ ಹಚ್ಚಿದ ಮೇಲೆ ಗೈಡ್ ಮೇಡಂ ಸಿಕ್ಕಿದರು, ಆಮೇಲೆ ಪರೀಕ್ಷಕರು.

"ಎಲ್ಲರೂ ಕ್ಷೇಮವಾ?" ಎಂದು ಅವರು ಕೇಳಿದರು. ಅಷ್ಟು ಒಳ್ಳೆಯವರು. ಆಮೇಲೆ ಹೇಳಿದರು, "ನನಗೆ ಇನ್ನೊಂದು ಗಂಟೆಯಲ್ಲಿ ಬೇರೆ ಕಡೆ ಹೋಗಬೇಕು. ಇವತ್ತು ಮುಗಿಸಲಿಕ್ಕೆ ಆಗದಿದ್ದರೆ ಹಾಗೆ ಅಂತ ಬರೆದು ಕಳಿಸಬೇಕಾಗ್ತದೆ. ನಿಮ್ಮ ಹತ್ತಿರ ಚಿತ್ರಗಳಿವೆಯಾ?"

"ಇಲ್ಲ ಸರ್. ಚಾರ್ಜ್ ಮುಗದು ಲ್ಯಾಪ್‌ಟಾಪ್ ಬಂದ್ ಆಗೇದ, ಫೋನ್ ಒಂದ ಅದ."

"ಹಾಗಾದರೆ ಚಿತ್ರ ಬೇಡ. ಇಂಗ್ಲಿಷೂ ಬೇಡ. ಇಷ್ಟು ಕಡಿಮೆ ತೂಕದ ಶ್ವೇತಕುಬ್ಜ ಯಾಕೆ ಒಂಟಿಯಾಗಿ ಹುಟ್ಟಲಾರದು, ಹುಟ್ಟುವುದಾದರೆ ಹೇಗೆ? ಮೊದಲಿಂದ ಹೇಳಿ."

ಕಾರಿನ ಗಾಜಿನ ಮೇಲೆ ಮರಳು ಸರಸರ ಬೀಳುತ್ತಿತ್ತು. ಕೋಟಿನ ಎದೆಯ ಹತ್ತಿರ ಒದ್ದೆಯಾಗುತ್ತಿತ್ತು, ಮಗುವಿನ ಅಳು ಕೇಳಿ ಹಾಲು ಇಳಿದಿತ್ತು. ಕನ್ನಡಿಯಲ್ಲಿ ನನಗೆ ಕಂಡದ್ದು ಅವಳ ಕಣ್ಣು. ಅವಳು ಕಣ್ಣು ಮುಚ್ಚಿದಳು.

ಕಣ್ಣು ಮುಚ್ಚಿದ ಮೇಲೆ ಮಾತು ಬಂತು. ಜಿಪುಣ ನಕ್ಷತ್ರ ಬಂತು, ಲೋಕದ ವಯಸ್ಸು ಸಾಲದ್ದು ಬಂತು, ಹಾಲು ಉಕ್ಕಿತು. ಎಣ್ಣೆ ತಿಕ್ಕುವಾಗ ಹೇಳಿದ ಹಾಗೆಯೇ, ಅದೇ ಧಾರವಾಡದ ರಾಗದಲ್ಲಿ. ಪರೀಕ್ಷಕರು ತಲೆ ಆಡಿಸುತ್ತಿದ್ದರು. "ಉಬ್ಬಿದ ಮ್ಯಾಲ, ಸರ್, ಹೀಲಿಯಂ ತಿರುಳಷ್ಟ ಉಳೀತದ, ಎರಡೂ ಭಾಳ ಹತ್ತಿರ ಬಂದಿರತಾವ..."

"ಕಂಬಳಿ ಎಲ್ಲಿ?" ಅಂದೆ.

ಬೇಕೆಂದು ಅಂದದ್ದಲ್ಲ. ಇಪ್ಪತ್ತು ದಿನದ ಅಭ್ಯಾಸ, ಬಾಯಿಂದ ಬಿದ್ದುಹೋಯಿತು.

ಪರೀಕ್ಷಕರು ಕನ್ನಡಕ ಹಣೆಗೆ ಏರಿಸಿದರು.

"ಅದು ಯಾರು?"

"ನಮ್ಮ ಅತ್ತೆ, ಸರ್."

"ಅವರೂ ಅಭ್ಯರ್ಥಿಯಾ?"

"ಅಲ್ಲ ಸರ್."

"ಹಾಗಾದರೆ ಅವರು ಯಾಕೆ ಅಲ್ಲಿದ್ದಾರೆ? ಪಕ್ಕದಲ್ಲಿ ಕೂತು ಹೇಳಿಕೊಡುವವರು ಇದ್ದರೆ ಇದನ್ನು ವೈವಾ ಅಂತ ನಾನು ಬರೆಯಲಿಕ್ಕೆ ಆಗುವುದಿಲ್ಲ. ದಯವಿಟ್ಟು ಅವರು ಹೊರಗೆ ಹೋಗಲಿ. ಎಲ್ಲರೂ."

ನಾನು ಇಳಿದೆ. ಬ್ಯಾರಿ ಹೆಂಗಸೂ ಇಳಿದಳು, ಅವಳದ್ದೇ ಕಾರು ಆದರೂ. ಬಾಗಿಲು ಹಾಕಿದ ಮೇಲೆ ಒಳಗಿನ ಮಾತು ಕೇಳಲಿಲ್ಲ. ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಗೋಡೆಯ ಮರೆಗೆ ಹೋಗಿ ನಿಂತೆವು. ಬೆಂಕಿ ಆರಿಸುವವರು ಬಂದು, ನಾಲ್ಕನೇ ಮಾಳಿಗೆಗೆ ಹತ್ತಿ, ಇಳಿದು ಬಂದರು. ಅವರಲ್ಲಿ ಒಬ್ಬನ ಕೈಯಲ್ಲಿ ನನ್ನ ಧೂಪದಾನಿ ಇತ್ತು, ಕಷಾಯ ತೊಟ್ಟಿಕ್ಕುತ್ತಾ. ಅದು ಯಾರದ್ದು ಎಂದು ಕೇಳಿದ. ನನ್ನದು ಅಂದೆ. ಅವನು ನನ್ನನ್ನೂ ಮಗುವನ್ನೂ ನೋಡಿ, ಅರಬ್ಬಿಯಲ್ಲಿ ಏನೋ ಹೇಳಿ, ಅದನ್ನು ನನ್ನ ಕೈಗೆ ಕೊಟ್ಟ.

"ಎಂತ ಹೇಳಿದ್ದು?" ಎಂದು ಬ್ಯಾರಿ ಹೆಂಗಸನ್ನು ಕೇಳಿದೆ.

"ಅವನ ಅಜ್ಜಿಯೂ ಹೀಗೇ ಮಾಡುತ್ತಾಳಂತೆ. ಇನ್ನು ಮಾಡಬೇಡ, ಖಲಾಸ್ ಅಂತ."

"ಅವನ ಅಜ್ಜಿಗೂ ಹಾಗೇ ಹೇಳಿದನಾ?"

"ಅದು ಕೇಳಲಿಲ್ಲ ಅಕ್ಕ."

ನಿಂತೆವು. ನಾನು ದೇವರನ್ನು ಕರೆಯುವವಳಲ್ಲ, ಕರೆದಾಗ ಅವರು ಬಂದದ್ದೂ ಇಲ್ಲ. ಆದರೆ ಮೊದಲ ಸಲ ಲೆಕ್ಕ ಹಾಕಿದೆ. ಹೊಗೆ ನನ್ನದು, ಮಾತೂ ನನ್ನದು. ಆರು ವರ್ಷ ಅವಳದ್ದು. ಶೀತ ಬಂದರೆ ಕಷಾಯ ಉಂಟು. ಇದಕ್ಕೆ ಕೊಡಲು ನನ್ನ ಮದ್ದಿನ ಡಬ್ಬಿಯಲ್ಲಿ ಏನೂ ಇರಲಿಲ್ಲ. ಮಗುವಿಗೆ ಬೆರಳು ಚೀಪಲು ಕೊಟ್ಟೆ. ಅದು ಮೋಸ ಎಂದು ಗೊತ್ತಾಗಿ ಮತ್ತೆ ಅತ್ತಿತು.

ಜನರೆಲ್ಲ ಮೇಲೆ ಹೋದ ಮೇಲೂ ಕಾರಿನ ಬಾಗಿಲು ತೆರೆಯಲಿಲ್ಲ. ಕಡೆಗೆ ತೆರೆಯಿತು. ಸೊಸೆ ಇಳಿದು, ಮಗುವನ್ನು ತೆಗೆದುಕೊಂಡು ಅಲ್ಲೇ ಸೀಟಿಗೆ ಅಡ್ಡ ಕೂತು ಹಾಲು ಕೊಟ್ಟಳು. ಬ್ಯಾರಿ ಹೆಂಗಸೇ ಕೇಳಿದಳು.

"ಎಂತ ಆಯ್ತು ಮಾರಾಯ್ತಿ?"

"ಪಾಸ್ ಮಾಡ್ಯಾರ್ರಿ. ಆದ್ರ ಪೂರಾ ಪಾಸ್ ಅಲ್ಲ. ತಿದ್ದುಪಡಿ ಹಾಕ್ಯಾರ."

"ಎಷ್ಟು?"

"ಒಂದ ಅಧ್ಯಾಯ. ಎರಡೂ ಒಂದ ಹೊದಿಕಿಯೊಳಗ ಸೇರೂ ಭಾಗ ಭಾಳ ಗಡಿಬಿಡಿಯೊಳಗ ಬರದೀರಿ, ಅದು ಇಲ್ಲದ ಉಳಿದದ್ದು ನಿಲ್ಲಂಗಿಲ್ಲ, ಪೂರಾ ಹೊಸಾದಾಗಿ ಬರೀರಿ ಅಂದ್ರು. ಒಂದು ತಿಂಗಳ ಟೈಮ್. ಕೊಡಲಿಲ್ಲಂದ್ರ ಇವತ್ತಿಂದೂ ಲೆಕ್ಕಕ್ಕ ಇಲ್ಲ." ಆಮೇಲೆ ನನ್ನ ಕಡೆ ನೋಡಿದಳು. "ನೀವು ಮಾತಾಡಿದ್ದಕ್ಕ ಇಳಿದ ಮ್ಯಾಲೂ ಬೈದ್ರು."

"ನನ್ನನ್ನಾ?"

"ನನ್ನನ್ನ. ನಿಮ್ಮ ಅತ್ತಿಗೂ ತಿಳಿದದ್ದು ಥೀಸಿಸ್‌ನಾಗ ಯಾಕ ಇಲ್ಲ ಅಂತ."

ನಾನು ಕ್ಷಮೆ ಕೇಳಲಿಲ್ಲ. ಕೇಳಿ ಗೊತ್ತಿಲ್ಲ. ಅವಳ ತಲೆ ಮುಟ್ಟಿ ನೋಡಿದೆ. ಕಾರಿನ ಎ.ಸಿ.ಗೆ ಕೂದಲು ಪೂರ್ತಿ ಒಣಗಿತ್ತು. ಮೂವತ್ತು ದಿನ ಹೊಗೆ ಹಾಕಿದರೂ ಅಷ್ಟು ಚೆನ್ನಾಗಿ ಒಣಗಿರಲಿಲ್ಲ, ಅದನ್ನು ಯಾರಿಗೂ ಹೇಳಲಿಲ್ಲ.

ಸಂಜೆ ಮಗ ಬಂದು ಛಾವಣಿ ನೋಡಿದ, ನನ್ನನ್ನು ನೋಡಿದ, ಊಟಕ್ಕೆ ಕೂತ. ಊಟವಾದ ಮೇಲೆ ನನ್ನ ವೀಸಾ ಎಷ್ಟು ದಿನ ಉಂಟು ಎಂದು ನಾನೇ ಕೇಳಿದೆ. ಹದಿನೈದು ದಿನ ಅಂದ. ಇನ್ನೊಂದು ತಿಂಗಳು ಮಾಡಿಸು ಅಂದೆ.

"ಬಾಣಂತನ ನಲವತ್ತಕ್ಕೆ ಮುಗಿಯುವುದಿಲ್ಲವಾ ಅಮ್ಮ?"

"ಒಂದು ಮುಗಿಯುತ್ತದೆ," ಅಂದೆ.

ಮರುದಿನ ಪರದೆ ಸರಿಸಿ, ಮೇಜನ್ನು ಬೆಳಕಿಗೆ ಎಳೆದು ಹಾಕಿದೆ. ಸೊಸೆ ಕೂತು ಬರೆಯತೊಡಗಿದಳು. ಮಗು ನನ್ನ ಕಾಲ ಮೇಲೆ. ಸೊಪ್ಪಿನ ನೀರು ಕುದಿಸಿ, ಹದಕ್ಕೆ ಬಂದ ಮೇಲೆ ಸ್ನಾನಕ್ಕೆ ಕರೆದೆ.

"ಎರಡು ಪುಟ ಆಗ್ಲಿ, ಬಂದೆರಿ ಅತ್ತಿ."

ನೀರು ಆರಿತು. ಇನ್ನೊಮ್ಮೆ ಬೆಂಕಿಗೆ ಇಟ್ಟೆ.